ಬೀದಿಯ ಸೊಳ್ಳೆಗಳ ಬಣ್ಣ

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಜನರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಬೆರಳ ತುದಿಯಿಂದ ನರ ಹುಡುಕಿ, ಸೂಜಿ ಚುಚ್ಚುವುದು. ಕೈ ಎಷ್ಟು ಹಗುರವೆಂದರೆ, ಅಳಬೇಕೆಂದು ಬಾಯಿ ತೆರೆದ ಮಕ್ಕಳು ತೆರೆದ ಬಾಯನ್ನು ಏನು ಮಾಡುವುದೆಂದು ತೋಚದೆ ಹಾಗೇ ಮುಚ್ಚಿಕೊಳ್ಳುತ್ತಿದ್ದವು. ಅಲ್ಲೇ ಇದ್ದುಬಿಟ್ಟಿದ್ದರೆ ಬೀದಿಯಲ್ಲಿ ಅವಳಿಗೆ ತಂಟೆಯಿಲ್ಲದ ಒಳ್ಳೆಯ ಹೆಸರು ಉಳಿಯುತ್ತಿತ್ತು. ಆದರೆ ದಿನವಿಡೀ ರಕ್ತ ನೋಡುತ್ತ ನೋಡುತ್ತ, ಅದನ್ನೇ ಕುಡಿದು ಬದುಕುವ ಜೀವ ಅದನ್ನು ಹೇಗೆ ಅರಗಿಸಿಕೊಳ್ಳುತ್ತದೆ ಎಂಬ ಹುಳು ಅವಳ ತಲೆ ಹೊಕ್ಕಿತು. ಮಗಳು ದೊಡ್ಡವಳಾಗಿ ಹಾಸ್ಟೆಲ್ ಸೇರಿದ ಮೇಲೆ, ಆ ಮಗಳ ಓರಗೆಯವರ ಜೊತೆ ಬೆಂಚಿನ ಮೇಲೆ ಕೂತು ಜೀವರಸಾಯನಶಾಸ್ತ್ರ ಓದಿದಳು. ಆಮೇಲೆ ಪ್ರೊಫೆಸರೊಬ್ಬರ ಕೈಕೆಳಗೆ ಸಂಶೋಧನೆಗೆ ಸೇರಿದಳು. ಹೆಸರಿನ ಮುಂದೆ ಡಾಕ್ಟರ್ ಬರುವ ಹೊತ್ತಿಗೆ ತಲೆಯ ಮುಂಭಾಗವೆಲ್ಲ ಬೆಳ್ಳಗಾಗಿತ್ತು. ಬೀದಿಯವರು ಮಾತ್ರ ಆ ಡಾಕ್ಟರನ್ನು ಲೆಕ್ಕಕ್ಕೇ ಇಡದೆ ಅವಳನ್ನು ಸೊಳ್ಳೆ ಅಕ್ಕ ಎಂದು ಕರೆದರು. ಕರೆದು ಕರೆದು ಕೊನೆಗೆ ಬರೀ ಅಕ್ಕ ಎಂದಾಯಿತು.

ಕೆಳಗೆ ಗಂಡನ ಹೊಲಿಗೆ ಮೆಷಿನ್ ರಿಪೇರಿ ಅಂಗಡಿ, ಮೇಲೆ ಮನೆ. ಗಂಡ ಮಾತಾಡುವುದಕ್ಕಿಂತ ಎಣ್ಣೆ ಬಿಡುವುದೇ ಹೆಚ್ಚು. ಮನೆಯ ಮಾತಿನ ಪಾಲನ್ನೆಲ್ಲ ಅತ್ತೆಯೇ ವಹಿಸಿಕೊಂಡಿದ್ದರು.

"ಎಲ್ಲರ ಮನೆ ಸೊಸೆಯರು ಸೊಳ್ಳೆ ಓಡಿಸ್ತಾರೆ. ನಮ್ಮವಳು ಸೊಳ್ಳೆಗೆ ಬಾಣಂತನ ಮಾಡ್ತಾಳೆ," ಎಂದು ಬಾಲ್ಕನಿಯಲ್ಲಿ ನಿಂತು ಎದುರುಮನೆಗೆ ಕೇಳುವಂತೆ ಹೇಳುತ್ತಿದ್ದರು. ಆದರೆ ಅವಳು ಮನೆಗೆ ಬರುವುದು ತಡವಾದರೆ ಟೀಗೆ ನೀರಿಟ್ಟು, ಅದು ಕುದಿದು ಬತ್ತಿ, ಮತ್ತೆ ನೀರಿಡುತ್ತಿದ್ದವರೂ ಅವರೇ.

ಅತ್ತೆ ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಸಂಸ್ಥೆಯ ಉದ್ದನೆಯ ಕಾರಿಡಾರಿನ ತುದಿಯಲ್ಲಿ ಅಕ್ಕನ ಸೊಳ್ಳೆ ಕೋಣೆಯಿತ್ತು. ಒಂದರ ಹಿಂದೊಂದು ಎರಡು ಬಾಗಿಲು, ನಡುವೆ ದಪ್ಪ ಪರದೆ. ಒಳಗೆ ಸ್ನಾನ ಮುಗಿದ ಬಚ್ಚಲಿನಂತೆ ಸೆಕೆ. ಗೋಡೆಯುದ್ದಕ್ಕೂ ಬಿಳಿ ಟ್ರೇಗಳಲ್ಲಿ ನೀರು, ನೀರಿನಲ್ಲಿ ಕೊಂಕುತ್ತ ಬಳುಕುತ್ತ ಆಡುವ ಮರಿಹುಳುಗಳು. ಅವಕ್ಕೆ ಮೀನಿನ ಆಹಾರದ ಪುಡಿ. ರೆಕ್ಕೆ ಬಂದವು ಬಲೆಯ ಪಂಜರಗಳಲ್ಲಿ. ಗಂಡಿಗೆ ಸಕ್ಕರೆ ನೀರಿನ ಹತ್ತಿ ಸಾಕು. ಹೆಣ್ಣಿಗೆ ಮೊಟ್ಟೆಯಿಡಲು ರಕ್ತ ಬೇಕು. ಗಾಜಿನ ಬಟ್ಟಲಿನಲ್ಲಿ ರಕ್ತವನ್ನು ಬೆಚ್ಚಗಿಟ್ಟು, ಬಾಯಿಗೆ ಚರ್ಮದಂಥ ತೆಳು ಹಾಳೆ ಬಿಗಿದು ಪಂಜರದ ಮೇಲೆ ಮಗುಚಿಟ್ಟರೆ, ಅವು ಮನುಷ್ಯನ ತೋಳೇ ಸಿಕ್ಕಿತೆಂದು ಬಂದು ಸಾಲಾಗಿ ಕೂರುತ್ತಿದ್ದವು. ತನ್ನ ತೂಕಕ್ಕಿಂತ ಹೆಚ್ಚು ಕುಡಿದು, ಹಾರಲೂ ಆಗದೆ, ಗೋಡೆಗೆ ಒರಗಿ ಕೂತ ಹೆಣ್ಣು ಸೊಳ್ಳೆಯನ್ನು ಕಂಡರೆ ಅಕ್ಕನಿಗೆ ಒಂದು ಬಗೆಯ ಕನಿಕರ. ಅಷ್ಟು ರಕ್ತವನ್ನು ಅರಗಿಸಲು ಅದರ ಹೊಟ್ಟೆಯಲ್ಲಿ ಕಿಣ್ವಗಳು ಹುಟ್ಟಬೇಕು. ಊಟವನ್ನು ನಮ್ಮ ಹೊಟ್ಟೆಯಲ್ಲಿ ಒಡೆದು ಕರಗಿಸುವಂಥವೇ ಅವು. ಆ ಕಿಣ್ವದ ಕೈಕಟ್ಟಿದರೆ ರಕ್ತ ಅರಗದು, ಅರಗದಿದ್ದರೆ ಮೊಟ್ಟೆಯಾಗದು. ಹಾಗೆ ಕೈಕಟ್ಟುವ ವಸ್ತುವನ್ನು ಹುಡುಕುವುದು ಅಕ್ಕನ ಸಂಶೋಧನೆ. ವರ್ಷಗಳಿಂದ ಹುಡುಕುತ್ತಲೇ ಇದ್ದಳು. ಸಿಕ್ಕಿತು ಅನ್ನಿಸುವುದು, ಮತ್ತೆ ಕೈಜಾರುವುದು.

ಆ ವರ್ಷ ಬೇಸಿಗೆ ಮುಗಿದು ಮೊದಲ ಮಳೆ ಬಿದ್ದದ್ದೇ ಬೀದಿಯಲ್ಲಿ ಜ್ವರ ಶುರುವಾಯಿತು. ಕಣ್ಣ ಹಿಂದೆ ನೋವು, ಕೀಲು ಕೀಲಿನಲ್ಲಿ ನೋವು, ಮೈಮೇಲೆ ಕೆಂಪು. ಹಗಲು ಕಚ್ಚುವ, ಕಾಲಿನಲ್ಲಿ ಬಿಳಿ ಪಟ್ಟೆಯಿರುವ ಸೊಳ್ಳೆ ತರುವ ಜ್ವರವೆಂದು ಎಲ್ಲರಿಗೂ ಗೊತ್ತು. ನಗರಸಭೆಯ ಗಾಡಿ ಬಂದು ಬೀದಿ ತುಂಬ ಹೊಗೆ ಬಿಟ್ಟುಹೋಯಿತು. ಜ್ವರ ನಿಲ್ಲಲಿಲ್ಲ. ಬಹಳ ಮಂದಿ ಮಲಗಿ ಎದ್ದರು. ವೆಲ್ಡರನ ಹೆಂಡತಿ ಏಳಲಿಲ್ಲ.

ವೆಲ್ಡರನದು ಬೀದಿಯ ತಿರುವಿನಲ್ಲಿ ಗೇಟು, ಕಿಟಕಿ ಸರಳು ಮಾಡುವ ವರ್ಕ್‌ಶಾಪ್. ಅವನ ಹೆಂಡತಿ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದವಳು. ಜ್ವರ ಬಿಟ್ಟ ಹಾಗೆ ಆಗಿ ಎದ್ದು ಕೂತಿದ್ದಳು. ಎಲ್ಲರೂ ಉಸ್ಸೆಂದಿದ್ದರು. ಆ ಜ್ವರದ ಕೆಟ್ಟ ಗುಣವೇ ಅದು, ಬಿಟ್ಟ ಹಾಗೆ ಮಾಡಿ ಹಿಡಿಯುತ್ತದೆ. ಆಸ್ಪತ್ರೆಗೆ ಒಯ್ಯುವಾಗ ಹೊತ್ತು ಮೀರಿತ್ತು.

ಅಂತ್ಯಕ್ರಿಯೆ ಮುಗಿದು ಜನ ಚದುರಿದ ಮೇಲೆ ಟೀ ಅಂಗಡಿಯಲ್ಲಿ ಯಾರೋ ಮಾತು ತೆಗೆದರು: ಆ ಸಂಸ್ಥೆಯಲ್ಲಿ ಲಕ್ಷಗಟ್ಟಲೆ ಸೊಳ್ಳೆ ಸಾಕ್ತಾರಂತಲ್ಲ, ಅಲ್ಲಿಂದ ತಪ್ಪಿಸಿಕೊಂಡು ಬಂದಿದ್ರೆ? ಇನ್ನೊಬ್ಬರು ಹೇಳುವಾಗ 'ಬಂದಿದ್ರೆ' ಹೋಗಿ 'ಬಂದಿವೆಯಂತೆ' ಆಯಿತು. ಮೂರನೆಯವರ ಬಾಯಿಗೆ ಬರುವಷ್ಟರಲ್ಲಿ ಅಕ್ಕನೇ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದಳು.

ವೆಲ್ಡರ್ ಅಕ್ಕನ ಮನೆಗೆ ಬಂದದ್ದು ಒಂದು ಸಂಜೆ. ಗಲಾಟೆ ಮಾಡಲಿಲ್ಲ. ಮೆಟ್ಟಿಲು ಹತ್ತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಕ್ಷೌರವಿಲ್ಲದ ಮುಖ, ಬೆಂಕಿಯ ಕಿಡಿ ಬಿದ್ದು ತೂತಾದ ಅಂಗಿ.

"ಅಕ್ಕ, ಒಂದೇ ಮಾತು ಕೇಳ್ತೀನಿ. ನಿಮ್ಮ ಸೊಳ್ಳೆ ಹೊರಗೆ ಬಂದಿದ್ವಾ?"

ಅತ್ತೆ ಒಳಗಿನಿಂದಲೇ ಸಿಡಿದರು. "ಏನಪ್ಪಾ ಇದು! ದುಃಖ ಇದೆ ಅಂತ ಬಾಯಿಗೆ ಬಂದಿದ್ದೆಲ್ಲ ಆಡೋದಾ?"

"ಅತ್ತೆ, ಸ್ವಲ್ಪ ಇರಿ," ಎಂದಳು ಅಕ್ಕ.

ಇಲ್ಲ ಎನ್ನಬಹುದಿತ್ತು. ಎರಡು ಬಾಗಿಲಿವೆ, ಪರದೆಯಿದೆ, ನಮ್ಮ ಸೊಳ್ಳೆಗಳಲ್ಲಿ ರೋಗವಿಲ್ಲ ಎಂದು ಹೇಳಿ ಕಳಿಸಬಹುದಿತ್ತು. ಅದೆಲ್ಲ ನಿಜವೂ ಹೌದು. ಆದರೆ ಅವಳ ಎದೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಬೇಸಿಗೆಯಲ್ಲಿ ಒಂದು ಪಂಜರದ ಬಲೆ ಹೊಲಿಗೆಯ ಹತ್ತಿರ ಬಿಚ್ಚಿಕೊಂಡಿತ್ತು. ಕೋಣೆಯ ತುಂಬ ಹಾರಿದವನ್ನು ಅವಳೇ ಕರೆಂಟ್ ಬ್ಯಾಟಿನಿಂದ ಹೊಡೆದಿದ್ದಳು. ಆದರೆ ಅದೇ ದಿನ ಫ್ಯಾನ್ ರಿಪೇರಿಯವರು ಏಣಿ ತರುವಾಗ ಎರಡೂ ಬಾಗಿಲು ಒಟ್ಟಿಗೆ ತೆರೆದಿದ್ದವು. ಬಲೆ ಬಿಚ್ಚಿದ್ದು ಅದಕ್ಕೆ ಮೊದಲೋ ಆಮೇಲೋ ಯಾರಿಗೆ ಗೊತ್ತು? ರೋಗವಿಲ್ಲದ ಸೊಳ್ಳೆಯೂ ಹೊರಗೆ ಬಂದು ಜ್ವರದವರನ್ನು ಕಚ್ಚಿದರೆ ರೋಗ ಹೊರುತ್ತದೆ. ಇದು ಬೀದಿಯವರಿಗೆ ತಿಳಿಯದಿದ್ದರೂ ಅವಳಿಗೆ ತಿಳಿದಿತ್ತು.

"ನನಗೆ ಗೊತ್ತಿಲ್ಲ," ಎಂದಳು. ಬಲೆಯ ವಿಷಯ, ಬಾಗಿಲ ವಿಷಯ ಎಲ್ಲವನ್ನೂ ಹೇಳಿದಳು. "ಆದ್ರೆ ಗೊತ್ತು ಮಾಡ್ಕೊಳ್ಳೋ ದಾರಿ ಒಂದಿದೆ. ನಿಮ್ಮ ಮುಂದೇನೇ ಮಾಡ್ತೀನಿ. ಬರ್ತೀರಾ?"

ವೆಲ್ಡರ್ ಚೌಕಟ್ಟಿನ ಮೇಲಿನ ಕೈ ತೆಗೆದ. ಅವಳ ಮುಖವನ್ನೇ ನೋಡಿ, ಬಂದ ಹಾಗೆಯೇ ಇಳಿದುಹೋದ.

"ನಿನ್ನ ಬಾಯಿಗೆ ಇಲ್ಲ ಅನ್ನೋ ಎರಡಕ್ಷರ ಭಾರ ಆಯ್ತಾ?" ಅತ್ತೆ ತಲೆ ಮೇಲೆ ಕೈಹೊತ್ತು ಕೂತರು.

ಅತ್ತೆ ಹೆದರಿದಂತೆಯೇ ಆಯಿತು. ಗೊತ್ತಿಲ್ಲ ಎಂದದ್ದು ಬೀದಿಯ ಕಿವಿಗೆ ಹೌದು ಎಂದೇ ಕೇಳಿಸಿತು. ಗಂಡನ ಅಂಗಡಿಗೆ ಮೆಷಿನ್ ಬರುವುದು ನಿಂತಿತು. ರಿಪೇರಿಗೆ ಕೊಟ್ಟಿದ್ದವರು ಅರ್ಧ ಬಿಚ್ಚಿದ್ದನ್ನೇ ಎತ್ತಿಕೊಂಡು ಹೋದರು. ಅಕ್ಕ ಬಂದರೆ ಬಸ್ ನಿಲ್ದಾಣದಲ್ಲಿ ಮಾತು ತುಂಡಾಗುತ್ತಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಂಗಡಿಯ ಶಟರ್ ಮೇಲೆ ಯಾರೋ ಇದ್ದಿಲಿನಲ್ಲಿ ದೊಡ್ಡ ಸೊಳ್ಳೆ ಬರೆದಿದ್ದರು.

ಅತ್ತೆ ಕನ್ನಡಕ ಹಾಕಿಕೊಂಡು ಅದರ ಮುಂದೆ ನಿಂತರು. "ಕಾಲು ಐದೇ ಇವೆ. ಬೈಯೋಕೆ ಬಂದವರು ಸ್ವಲ್ಪ ನೋಡ್ಕೊಂಡು ಬರಬಾರದಾ?" ಎಂದು ಒದ್ದೆ ಬಟ್ಟೆ ತಂದು ಒರೆಸಿದರು. ಮಗ ಮೆಟ್ಟಿಲಿಳಿದು ಬಂದ. ಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ತಾನೇ ಒರೆಸಿದ.

ಅಕ್ಕ ಹೇಳಿದ ದಾರಿ ಇದು. ಸಂಸ್ಥೆಯ ಸೊಳ್ಳೆಗಳು ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿ ಬೆಳೆದವು. ವಿಷದ ಹೊಗೆಯನ್ನು ಅವು ಕಂಡೇ ಇಲ್ಲ. ಬೀದಿಯವು ಹಾಗಲ್ಲ. ವರ್ಷ ವರ್ಷವೂ ಹೊಗೆ ಕುಡಿದು, ಸಾಯುವವು ಸತ್ತು, ತಡೆದುಕೊಂಡವು ಉಳಿದು ಮರಿ ಮಾಡಿರುತ್ತವೆ. ತಡೆದುಕೊಳ್ಳುವ ಸೊಳ್ಳೆಯ ಮೈಯಲ್ಲಿ ಒಂದು ಬೇರೆ ಜಾತಿಯ ಕಿಣ್ವ ಹೆಚ್ಚಿರುತ್ತದೆ. ವಿಷ ನರಕ್ಕೆ ಮುಟ್ಟುವ ಮೊದಲೇ ಅದು ಹಿಡಿದು ಮುರಿದುಹಾಕುತ್ತದೆ. ಆ ಕಿಣ್ವ ಇದೆಯೋ ಇಲ್ಲವೋ ಬಣ್ಣದಲ್ಲಿ ತೋರಿಸಬಹುದು.

ಪ್ರೊಫೆಸರ್ ಒಳ್ಳೆಯ ಮನುಷ್ಯ, ಆದರೆ ಹೆದರಿದ್ದರು. "ಮಾಡಿ, ಬೇಡ ಅನ್ನಲ್ಲ. ಮೊದಲು ನಾವು ನಾವೇ ಮಾಡಿ ನೋಡೋಣ. ನಮ್ಮದಲ್ಲ ಅಂತ ಬಂದ್ರೆ ಆಮೇಲೆ ಆ ಮನುಷ್ಯನ್ನ ಕರೆಯೋಣ."

"ನಮ್ಮದೇ ಅಂತ ಬಂದ್ರೆ ಸರ್?"

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ಫಲಿತಾಂಶ ಬಂದ್ಮೇಲೆ ಕರೆದ್ರೆ ಯಾರು ನಂಬ್ತಾರೆ ಸರ್? ನಾನಾಗಿದ್ರೂ ನಂಬ್ತಿರಲಿಲ್ಲ," ಎಂದಳು ಅಕ್ಕ.

ಪ್ರೊಫೆಸರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಆಗಲಿ ಎಂದರು.

ಬೀದಿಯ ಸೊಳ್ಳೆಮರಿಗಳನ್ನು ಹಿಡಿದು ಬೆಳೆಸಬೇಕಿತ್ತು. ಅಕ್ಕ ಸೌಟು, ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಅವಳೊಬ್ಬಳೇ ಹೋದಾಗ ಬಾಗಿಲು ತೆರೆಯಲಿಲ್ಲ. ಮಾರನೆಯ ದಿನ ಅತ್ತೆ ಸೆರಗು ಬಿಗಿದು ಮುಂದೆ ನಡೆದರು. ಅವರು ಬಾಗಿಲು ಬಡಿಯುವ ರೀತಿಗೆ ತೆರೆಯದೆ ಇರಲು ಯಾರಿಗೂ ಧೈರ್ಯವಾಗಲಿಲ್ಲ. "ಮೊದಲು ನಮ್ಮ ಮನೆಯಲ್ಲೇ ಸಿಕ್ಕಿವೆ, ನನ್ನ ಹೂಕುಂಡದ ತಟ್ಟೆಯಲ್ಲಿ. ನನಗೇನು ನಾಚಿಕೆ ಇಲ್ಲವಾ? ಇದೆ. ಆದ್ರೂ ಹೇಳ್ತಿದೀನಿ. ನಿಮ್ಮದನ್ನೂ ತೋರ್ಸಿ," ಎಂದು ಒಳಗೆ ನುಗ್ಗುತ್ತಿದ್ದರು. ಹಳೆಯ ಟೈರು, ಒಡೆದ ಬಕೆಟ್ಟು, ಫ್ರಿಜ್ಜಿನ ಹಿಂದಿನ ತಟ್ಟೆ, ಸರಿಯಾಗಿ ಮುಚ್ಚದ ಟ್ಯಾಂಕು. ಮರಿಯಿಲ್ಲದ ಮನೆ ಕಡಿಮೆ.

ವೆಲ್ಡರನ ವರ್ಕ್‌ಶಾಪಿನ ಬಾಗಿಲು ಅರ್ಧ ತೆರೆದಿತ್ತು. ಅವನು ಒಳಗೆ ಕಬ್ಬಿಣದ ಪಟ್ಟಿಗಳ ಮೇಲೆ ಸುಮ್ಮನೆ ಕೂತಿದ್ದ. ಅಕ್ಕ ಕೇಳಿದ್ದಕ್ಕೆ ಗಲ್ಲದಲ್ಲೇ ಹಿತ್ತಲು ತೋರಿಸಿದ. ಅಲ್ಲಿ ಮನೆಗೂ ವರ್ಕ್‌ಶಾಪಿಗೂ ನೀರು ತುಂಬಿಡುವ ದೊಡ್ಡ ಡ್ರಮ್, ಮುಚ್ಚಳವಿಲ್ಲದ್ದು. ಅಕ್ಕ ಬಗ್ಗಿ ನೋಡಿದಳು. ನೆರಳು ಬಿದ್ದದ್ದೇ ನೀರಿನ ಮೇಲ್ಭಾಗವೆಲ್ಲ ಒಮ್ಮೆಲೇ ಬಳುಕಿ ತಳಕ್ಕಿಳಿಯಿತು. ಅಷ್ಟೂ ಸೊಳ್ಳೆಮರಿ. ಅತ್ತೆಯೂ ನೋಡಿದರು. ಬಾಯಿ ತೆರೆದವರು ಸೊಸೆಯ ಮುಖ ಕಂಡು ಮುಚ್ಚಿದರು. ಸೌಟಿನಲ್ಲಿ ಒಂದಿಷ್ಟು ಮರಿಗಳನ್ನು ಬಾಟಲಿಗೆ ತುಂಬಿಕೊಂಡು, ಏನೂ ಹೇಳದೆ ಇಬ್ಬರೂ ಹೊರಬಂದರು.

ಆ ಮರಿಗಳೆಲ್ಲ ಸಂಸ್ಥೆಯ ಬೇರೊಂದು ಕೋಣೆಯಲ್ಲಿ ರೆಕ್ಕೆ ಬಂದು ಹಾರುವಂತಾದಾಗ ಅಕ್ಕ ವೆಲ್ಡರನಿಗೆ ಹೇಳಿಕಳಿಸಿದಳು. ಬರುತ್ತಾನೆಂದು ಅವಳಿಗೆ ನಂಬಿಕೆಯಿರಲಿಲ್ಲ. ಬಂದ. ಒಗೆದ ಅಂಗಿ ಹಾಕಿದ್ದ. ಕಾವಲಿನವರ ಮುಂದೆ ಕೈಕಟ್ಟಿ ನಿಂತಿದ್ದ.

"ಮೊದಲು ಆ ಕೋಣೆ ನೋಡ್ಬೇಕು," ಎಂದ.

ಅಕ್ಕ ಮೊದಲ ಬಾಗಿಲು ತೆರೆದು, ಅದನ್ನು ಮುಚ್ಚಿ, ಪರದೆ ಸರಿಸಿ, ಎರಡನೆಯದನ್ನು ತೆರೆದಳು. ಅವನು ಚಿಲಕ, ಕೀಲು, ಬಾಗಿಲಡಿಯ ಸಂದು ಎಲ್ಲವನ್ನೂ ತನ್ನ ಕಸುಬಿನ ಕಣ್ಣಿನಿಂದ ಮುಟ್ಟಿ ಮುಟ್ಟಿ ನೋಡಿದ. ಬಿಚ್ಚಿಕೊಂಡಿದ್ದ ಬಲೆಯನ್ನು ಅಕ್ಕ ಎಸೆದಿರಲಿಲ್ಲ. ತಂದು ತೋರಿಸಿದಳು. ಬಿಳಿ ಟ್ರೇಗಳ ಹತ್ತಿರ ಬಂದಾಗ ಅವನು ನಿಂತುಬಿಟ್ಟ.

"ಇವೇನು?"

"ಮರಿಗಳು. ಇವೇ ಆಮೇಲೆ ಸೊಳ್ಳೆ ಆಗ್ತಾವೆ."

"ನೀರಹುಳ ಅಲ್ವಾ ಇದು?"

"ಅಲ್ಲ."

ಅವನು ಟ್ರೇಯ ಮೇಲೆ ಬಗ್ಗಿ, ಮರಿಗಳು ಬಳುಕುವುದನ್ನೇ ನೋಡಿದ.

ಪರೀಕ್ಷೆಯ ಮೇಜಿನ ಹತ್ತಿರ ಪ್ರೊಫೆಸರ್ ದೂರದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ತಣ್ಣನೆಯ ಡಬ್ಬಿಯಲ್ಲಿಟ್ಟು ಮಂಪರು ಬರಿಸಿದ ಸೊಳ್ಳೆಗಳು ಎರಡು ಗಾಜಿನ ತಟ್ಟೆಗಳಲ್ಲಿದ್ದವು. ಒಂದು ಪಂಜರದವು, ಒಂದು ಬೀದಿಯವು. "ನೀವೇ ಆರಿಸಿ ಕೊಡಿ. ಯಾವುದು ಬೇಕೋ ಅದು," ಎಂದಳು ಅಕ್ಕ. ಕಬ್ಬಿಣ ಬಗ್ಗಿಸುವ ಆ ದಪ್ಪ ಬೆರಳುಗಳು ಚಿಮಟ ಹಿಡಿದು ಸೊಳ್ಳೆಗಳನ್ನು ಒಂದೊಂದಾಗಿ ಎತ್ತಿಕೊಟ್ಟವು. ಅಕ್ಕ ಒಂದೊಂದನ್ನೂ ಪುಟ್ಟ ಕೊಳವೆಯಲ್ಲಿ ತಣ್ಣನೆಯ ದ್ರವದ ಜೊತೆ ಅರೆದಳು. ಗರಗರ ತಿರುಗುವ ಯಂತ್ರಕ್ಕೆ ಹಾಕಿದಾಗ ಗಸಿ ತಳಕ್ಕೆ ಕೂತು ಮೇಲೆ ತಿಳಿ ನಿಂತಿತು. ಸಾಲು ಸಾಲು ಗುಳಿಗಳಿದ್ದ ಪ್ಲಾಸ್ಟಿಕ್ ತಟ್ಟೆಯ ಎಡಕ್ಕೆ ಪಂಜರದವುಗಳ ತಿಳಿ, ಬಲಕ್ಕೆ ಬೀದಿಯವುಗಳದು. ಅದರ ಮೇಲೆ, ವಿಷ ಮುರಿಯುವ ಆ ಕಿಣ್ವವು ಒಡೆಯಬಲ್ಲ ಒಂದು ರಾಸಾಯನಿಕ. ಸ್ವಲ್ಪ ಹೊತ್ತು ಬಿಟ್ಟು, ಒಡೆದ ಚೂರಿಗೆ ಅಂಟಿ ಬಣ್ಣ ಬರಿಸುವ ಇನ್ನೊಂದು.

"ಬಣ್ಣ ಕಪ್ಪಾದಷ್ಟೂ ಹೊಗೆ ತಡ್ಕೊಳ್ಳೋ ಸೊಳ್ಳೆ ಅಂತ ಅರ್ಥ. ಎಡಗಡೆ ಬಲಗಡೆ ಒಂದೇ ಥರ ಬಂದ್ರೆ ನಾನು ಸೋತ ಹಾಗೆ," ಎಂದಳು.

ಎಡಗಡೆಯ ಗುಳಿಗಳು ತೆಳು ಕಂದು ಬಣ್ಣಕ್ಕೆ ತಿರುಗಿ, ನೀರಿಗೆ ಟೀ ಹನಿ ಬಿದ್ದಂತೆ ನಿಂತವು. ಬಲಗಡೆಯವು ಮೊದಲು ನೀಲಿ ಹೊಡೆದವು. ನೋಡುತ್ತಿದ್ದಂತೆಯೇ ಮಸಿಯ ಹಾಗೆ ಕಪ್ಪಿಟ್ಟವು. ಪ್ರೊಫೆಸರ್ ಕುರ್ಚಿಯಿಂದ ಎದ್ದು ಬಂದರು. ಅವರ ಮುಖ ಅರಳಿತು.

ವೆಲ್ಡರ್ ತಟ್ಟೆಯ ಮೇಲೆ ಬಗ್ಗಿದ. ಬಲಗಡೆಯ ಕಪ್ಪು ಗುಳಿಗಳ ನಡುವೆ ಒಂದರ ಮೇಲೆ ಬೆರಳಿಟ್ಟ. ಅದು ತೆಳುವಾಗಿಯೇ ಉಳಿದಿತ್ತು.

"ಇದು?"

ಪ್ರೊಫೆಸರ್ ಏನೋ ಹೇಳಹೊರಟರು. ಅಕ್ಕ ಮೊದಲು ಮಾತಾಡಿದಳು.

"ಬೀದಿಯಲ್ಲೂ ಅಲ್ಲೊಂದು ಇಲ್ಲೊಂದು ಹೊಗೆ ತಡ್ಕೊಳ್ಳದ ಮೆದು ಸೊಳ್ಳೆ ಇರ್ತಾವೆ. ಇದೂ ಹಾಗೇ ಇರಬಹುದು. ಬೀದಿ ತುಂಬ ಇರೋವು ನಮ್ಮವಲ್ಲ, ಅದು ಖಂಡಿತ. ಆದ್ರೆ ಈ ಒಂದರ ಅಪ್ಪ ಅಮ್ಮ ಯಾರು ಅಂತ ನಾನು ಹೇಳಕ್ಕಾಗಲ್ಲ."

ಪ್ರೊಫೆಸರ್ ಕಣ್ಣು ಮುಚ್ಚಿಕೊಂಡರು. ವೆಲ್ಡರ್ ಸ್ಟೂಲ್ ಎಳೆದುಕೊಂಡು ಕೂತ.

"ಬಿಡಿ ಅಕ್ಕ," ಎಂದ. ಅವನ ದನಿ ತೀರ ಸಣ್ಣದಾಗಿತ್ತು. "ಆ ಟ್ರೇಲಿ ಇದ್ದಂಥವೇ ನನ್ನ ಡ್ರಮ್ಮಲ್ಲೂ ಇದಾವೆ. ದಿನಾ ನೋಡ್ತಿದ್ದೆ. ಅವಳೂ ನೋಡ್ತಿದ್ದಳು. ಅವನ್ನ ಪಕ್ಕಕ್ಕೆ ಸರಿಸಿ ನೀರು ತುಂಬ್ಕೊಳ್ಳೋಳು." ಸ್ವಲ್ಪ ತಡೆದು ಕೇಳಿದ, "ನಿಮಗೆ ಅವತ್ತೇ ಗೊತ್ತಾಗಿತ್ತು ಅಲ್ವಾ?"

"ಗೊತ್ತಾಗಿತ್ತು."

"ಯಾಕೆ ಹೇಳ್ಲಿಲ್ಲ? ನಾನು ನಿಮ್ಮ ಮನೆ ಬಾಗಿಲಿಗೆ ಬಂದು ಅಷ್ಟು ಕೇಳಿದ್ದೆ."

"ಏನಂತ ಹೇಳ್ಲಿ? ಡ್ರಮ್ಮಲ್ಲಿ ಇದ್ದವು, ನಮ್ಮ ಅತ್ತೆ ಕುಂಡದಲ್ಲಿ ಇದ್ದವು, ಎಲ್ಲರ ಮನೆಯಲ್ಲೂ ಇದ್ದವು. ನಿಮ್ಮ ಮನೆಯವರನ್ನ ಕಚ್ಚಿದ್ದು ಯಾವ ಮನೇದು ಅಂತ ತೋರಿಸೋ ಪರೀಕ್ಷೆ ನನ್ನ ಹತ್ರ ಇಲ್ಲ. ಯಾರ ಹತ್ರಾನೂ ಇಲ್ಲ. ಗೊತ್ತಿಲ್ಲದ್ದನ್ನ ನಿಮ್ಮ ತಲೆಗೆ ಹೇಗೆ ಕಟ್ಟೋದು?"

ಅವನು ಮುಖವನ್ನು ಎರಡೂ ಕೈಗಳಲ್ಲಿ ಹುದುಗಿಸಿಕೊಂಡ. ಹೆಂಡತಿ ತೀರಿಹೋದ ದಿನ ಕಣ್ಣೀರು ಹಾಕದೆ ಕಲ್ಲಿನ ಹಾಗೆ ನಿಂತಿದ್ದವನು ಅಲ್ಲಿ, ಆ ಗಾಜಿನ ಸೀಸೆಗಳ ನಡುವೆ ಅತ್ತ. ಅಕ್ಕ ಕೈಗವಸು ತೆಗೆದು ಅವನ ಭುಜದ ಮೇಲೆ ಕೈಯಿಟ್ಟಳು. ಪ್ರೊಫೆಸರ್ ಎದ್ದುಹೋಗಿ ಒಂದು ಲೋಟ ನೀರು ತಂದರು.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವನು ಮತ್ತೆ ತಟ್ಟೆಯನ್ನು ನೋಡಿದ. "ಈ ಕಪ್ಪು ಬಂದಿದ್ದಕ್ಕೆ ಹೊಗೆ ತಡ್ಕೊಳ್ತಾವೆ ಅಂತ ಅರ್ಥ ಅಂದ್ರಲ್ಲ. ಹಾಗಾದ್ರೆ ಗಾಡಿಯವರು ಬಿಡೋ ಹೊಗೆಗೆ ಇವು ಸಾಯಲ್ವಾ?"

"ಬಹಳ ಮಟ್ಟಿಗೆ ಸಾಯಲ್ಲ."

"ಅವಳು ಪರದೆ ಎತ್ತಿ ಹಿಡ್ಕೊಂಡು ಆ ಹೊಗೆನ ಒಳಗೆ ಬಿಟ್ಕೊಂಡಳು ಅಕ್ಕ. ಕೆಮ್ಮಿಕೊಂಡು. ಮೂಲೆ ಮೂಲೆಗೂ ಹೋಗ್ಲಿ ಅಂತ."

ಅಕ್ಕ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಲ್ಲಿಯವರೆಗೆ ಅವಳು ತನ್ನ ಸೊಳ್ಳೆಗಳ ಚಿಂತೆಯಲ್ಲೇ ಇದ್ದಳು. ಬಲಗಡೆಯ ಆ ಕಪ್ಪು, ಇಡೀ ಊರಿಗೆ ಸೇರಿದ ಸುದ್ದಿ ಎಂಬುದು ಆಗ ಅವಳ ಮನಸ್ಸಿಗೆ ಪೂರ್ತಿಯಾಗಿ ಇಳಿಯಿತು.

ಹೊಗೆ ಗಾಡಿಯನ್ನೇ ಸುಟ್ಟುಬಿಡುತ್ತೇನೆಂದು ಹೊರಟ ವೆಲ್ಡರನನ್ನು ಸಮಾಧಾನ ಮಾಡಿ ಅಕ್ಕ ನಗರಸಭೆಯ ಆರೋಗ್ಯಾಧಿಕಾರಿಯ ಹತ್ತಿರ ಕರೆದೊಯ್ದಳು. ಅಧಿಕಾರಿ ದಣಿದ ಮುಖದವರು. ಅವರ ಕೋಣೆಯ ಕಿಟಕಿಗೂ ಸೊಳ್ಳೆ ಬಲೆ ಇರಲಿಲ್ಲ. ಅಕ್ಕ ಹೇಳಿದ್ದನ್ನೆಲ್ಲ ತಡೆಯದೆ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಹೊಗೆ ಕೆಲಸ ಮಾಡ್ತಿಲ್ಲ ಅಂತ ನನಗೂ ಅನುಮಾನ ಇತ್ತು. ಆದ್ರೆ ಜನಕ್ಕೆ ಸೊಳ್ಳೆ ಮೊಟ್ಟೆ ಕಾಣಲ್ಲ, ಜ್ವರದ ಹುಳು ಕಾಣಲ್ಲ. ಹೊಗೆ ಕಾಣತ್ತೆ. ಒಂದು ವಾರ ಗಾಡಿ ಬರಲಿಲ್ಲ ಅಂದ್ರೆ ಈ ಕಚೇರಿ ಮುಂದೆ ಕೂಗಾಡ್ತಾರೆ."

"ಸರ್, ಹೊಗೆ ಬಂತಲ್ಲ ಅಂತ ನಾವು ಡ್ರಮ್ ಮುಚ್ಚಲಿಲ್ಲ," ಎಂದ ವೆಲ್ಡರ್. ಏರುದನಿಯಲ್ಲಲ್ಲ.

ಅಧಿಕಾರಿ ಅವನು ಯಾರೆಂದು ಕೇಳಿದರು. ಅಕ್ಕ ಹೇಳಿದಳು. ಅವರು ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. "ಬೇರೆ ಬೀದಿಗಳಿಂದಲೂ ಮರಿ ತರಿಸಿಕೊಡ್ತೀನಿ. ಪರೀಕ್ಷೆ ಮಾಡಿ ಕೊಡಿ. ಒಂದು ಬೀದಿ ಮಾತಲ್ಲ ಅಂತ ತೋರಿಸಿದ್ರೆ ನಾನು ಮೇಲಿನವರ ಹತ್ರ ಬಾಯಿ ಬಿಡಬಹುದು," ಎಂದರು.

ತೋರಿಸುವುದು ಸುಲಭವಾಗಲಿಲ್ಲ. ಬಾಟಲಿಗಳು ಬಂದವು, ಸೋರಿದವು, ಯಾವ ಬೀದಿಯದೆಂದು ತಿಳಿಯದಂತೆ ಕಲಸಿಹೋದವು. ಮತ್ತೆ ತರಿಸಬೇಕಾಯಿತು. ಹೊಟ್ಟೆಯ ಕಿಣ್ವದ ಕೆಲಸ ಮೂಲೆ ಸೇರಿತು. ಅಷ್ಟು ವರ್ಷ ಜತನ ಮಾಡಿದ್ದನ್ನು ಸಂಸ್ಥೆಯ ಇನ್ನೊಬ್ಬ ಸಂಶೋಧಕಿಗೆ ಒಪ್ಪಿಸಿಕೊಟ್ಟ ದಿನ ಅಕ್ಕ ಮನೆಗೆ ಬಂದು ಊಟ ಬೇಡವೆಂದು ಮಲಗಿದಳು. ಗಂಡ ಬಂದು ಕಾಲ ಬಳಿ ಕೂತ.

"ಬೇಜಾರಾ?"

"ಹೂಂ. ಇನ್ನೇನು ಸಿಗತ್ತೆ ಅನ್ನೋ ಹೊತ್ತಿಗೆ ಬಿಟ್ಟೆ ಅನ್ಸತ್ತೆ."

"ಅವಳಿಗೆ ಸಿಕ್ಕಿದ್ರೆ?"

"ಸಿಗ್ಲಿ. ಹೊಟ್ಟೆ ಉರ್ಕೋತೀನಿ, ಆಮೇಲೆ ಹೋಗಿ ಕೈಕುಲುಕ್ತೀನಿ."

ಗಂಡ ನಕ್ಕ. ಅವಳೂ ನಕ್ಕಳು. ಎದ್ದು ಬ್ರೆಡ್ ತಿಂದಳು.

ಊರಿನ ಬಹುಪಾಲು ಬೀದಿಗಳ ಸೊಳ್ಳೆಗಳೂ ಕಪ್ಪೇ ತೋರಿಸಿದವು. ಆ ಹೊಗೆಮದ್ದನ್ನು ನಗರಸಭೆ ನಿಲ್ಲಿಸಿತು. ಅಧಿಕಾರಿ ಹೇಳಿದ್ದಂತೆಯೇ ಜನ ಕೂಗಾಡಿದರು. ಆಗ ಎದುರು ನಿಂತು ಮಾತಾಡಿದವನು ವೆಲ್ಡರ್. ಓಣಿ ಓಣಿಗೆ ಹೋಗಿ, ತನ್ನ ಮನೆಯಲ್ಲಿ ಆದದ್ದನ್ನು ಬಿಚ್ಚಿ ಹೇಳಿದ. ತಗಡು ಕತ್ತರಿಸಿ, ಅಂಚು ಮಡಚಿ, ನಡುವೆ ಸಣ್ಣ ಜಾಲರಿ ಕೂರಿಸಿದ ಮುಚ್ಚಳಗಳನ್ನು ಮಾಡತೊಡಗಿದ. ಡ್ರಮ್ಮಿನ ಬಾಯಿಗೆ ಅವು ಒತ್ತಿ ಕೂರುತ್ತಿದ್ದವು. ಮುಚ್ಚಲಾಗದ ನೀರಿಗೆ, ಮರಿಗಳನ್ನಷ್ಟೇ ಕೊಲ್ಲುವ ಪುಡಿಯನ್ನು ಆರೋಗ್ಯ ಇಲಾಖೆಯವರು ಹಾಕಿದರು. ಮರುವರ್ಷವೂ ಜ್ವರ ಬಂತು. ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಬೀದಿಯಲ್ಲಿ ಮಲಗಿದವರು ಬೆರಳೆಣಿಕೆಯಷ್ಟು. ಎಲ್ಲರೂ ಎದ್ದರು.

ಗಂಡನ ಅಂಗಡಿಗೆ ಮೆಷಿನ್‌ಗಳು ತಾವಾಗಿಯೇ ಮರಳಿದವು, ಒಂದೊಂದಾಗಿ, ಏನೂ ನಡೆದೇ ಇಲ್ಲವೆಂಬ ಹಾಗೆ. ಯಾರೂ ತಪ್ಪಾಯಿತು ಎನ್ನಲಿಲ್ಲ. ವೆಲ್ಡರನೂ ಅನ್ನಲಿಲ್ಲ. ಅಕ್ಕ ಅದನ್ನು ಕಾಯಲೂ ಇಲ್ಲ. ಈಗ ಅವಳ ಹತ್ತಿರ ದೂರದೂರದ ಊರುಗಳಿಂದ ಸೊಳ್ಳೆಗಳು ಬರುತ್ತವೆ. ಯಾವ ಮದ್ದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಅವಳು ನೋಡಿ ಹೇಳಬೇಕು. ಆಮೇಲೆ ನಗರಸಭೆ ತಂದ ಹೊಸ ಮದ್ದಿಗೂ ಅಲ್ಲಲ್ಲಿ ಬಣ್ಣ ಗಾಢವಾಗತೊಡಗಿದಾಗ ಆರೋಗ್ಯಾಧಿಕಾರಿಗೆ ಫೋನ್ ಮಾಡಿದಳು. ಇಷ್ಟು ಬೇಗನಾ ಎಂದು ಅವರು ನಿಟ್ಟುಸಿರಿಟ್ಟರು. "ಅವೂ ಬದುಕಬೇಕಲ್ಲ ಸರ್," ಎಂದಳು.

ಒಂದು ಭಾನುವಾರ ಬಾಲ್ಕನಿಯ ಕಂಬಿ ಬಿಟ್ಟುಕೊಂಡಿತೆಂದು ಗಂಡ ವೆಲ್ಡರನನ್ನು ಕರೆತಂದ. ಅವನು ಕೆಲಸ ಮುಗಿಸಿ, ಬಿಸಿ ಕಬ್ಬಿಣ ಆರುವವರೆಗೆ ಅಲ್ಲೇ ನೆಲದ ಮೇಲೆ ಗೋಡೆಗೆ ಒರಗಿ ಕೂತ. ಅತ್ತೆ ಟೀ ಕೊಟ್ಟರು. ಕಂಬಿ ನೆಟ್ಟಗಿದೆಯೇ ಎಂದು ಅಕ್ಕ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು.

"ಅವಳೂ ಹೀಗೇ ನೋಡೋಳು," ಎಂದ ಇದ್ದಕ್ಕಿದ್ದಂತೆ. "ಅಳತೆ ಟೇಪಿನ ಆ ತುದಿ ಅವಳು ಹಿಡಿಯೋಳು. ಮಾತಾಡ್ತಾ ಮಾತಾಡ್ತಾ ತಪ್ಪು ಓದೋಳು. ನಾನು ನಂಬಿ ಕತ್ತರಿಸ್ತಿದ್ದೆ. ಈ ಊರಲ್ಲಿ ಸೊಟ್ಟ ಇರೋ ಗೇಟೆಲ್ಲ ಅವಳ ಕೈದೇ." ನಗಲು ಹೋದ. ನಗು ಅರ್ಧಕ್ಕೆ ನಿಂತಿತು. ಆಮೇಲೆ ಅವಳ ಬಗ್ಗೆ ಹೇಳುತ್ತಲೇ ಹೋದ. ಅವಳು ಹಾಡುತ್ತಿದ್ದುದು, ಕೋಪ ಬಂದರೆ ಕಬ್ಬಿಣದ ಚೂರುಗಳನ್ನು ಬೇಕೆಂದೇ ಸದ್ದು ಮಾಡಿ ಗುಡಿಸುತ್ತಿದ್ದುದು, ಬೆಕ್ಕಿಗೆ ಹೆದರುತ್ತಿದ್ದುದು. ಅತ್ತೆ ಒಂದೇ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಅವನ ಲೋಟದಲ್ಲಿನ ಟೀ ಆರಿಹೋಗಿತ್ತು. ಅದನ್ನು ಮೆಲ್ಲಗೆ ತೆಗೆದುಕೊಂಡು, ಹೊಸದಾಗಿ ನೀರಿಡಲು ಒಳಗೆ ಹೋದರು.